ಒಂದೇ ಗಣಕ, ಎರಡು ವ್ಯವಸ್ಥೆ: ಡಯಲ್‌-ಅಪ್ ಕಾಲ ಕಲಿಸಿದ ಪಾಠ

ಮೈಸೂರು ಅರಸರ ದಳವಾಯಿಗಳ ಊರೆಂದು ಹೆಸರಾದ ನಂಜನಗೂಡು ತಾಲ್ಲೂಕಿನ ಕಳಲೆಯಂತಹ ಊರುಗಳಲ್ಲಿ 2000ರ ದಶಕದ ಆರಂಭದಲ್ಲಿ ಮನೆಯ ಅಂತರ್ಜಾಲವೆಂದರೆ ದೂರವಾಣಿ ತಂತಿಯೇ. ಬಿಎಸ್ಎನ್ಎಲ್‌ನ ಸಂಚಾರ್‌ನೆಟ್‌ನಂತಹ ಡಯಲ್‌-ಅಪ್ ಸೇವೆಗೆ ಮೋಡೆಮ್ ಕರೆ ಮಾಡಿತೆಂದರೆ ಮನೆಯ ಫೋನ್ ಎಂಗೇಜ್ ಆಗುತ್ತಿತ್ತು. ಅಂತಹ ಗಣಕದಲ್ಲಿ ವಿಂಡೋಸ್ ಜೊತೆಗೆ ಲಿನಕ್ಸನ್ನೂ ಅಳವಡಿಸಲು ಹೊರಟವರಿಗೆ ಎದುರಾಗುತ್ತಿದ್ದ ತೊಡಕು ಇಂದಿಗೂ ಪೂರ್ತಿ ಮಾಯವಾಗಿಲ್ಲ.

ಎರಡು ವ್ಯವಸ್ಥೆ ಏಕೆ?

ಲಿನಕ್ಸ್ ಉಚಿತ, ವೈರಸ್ ಕಾಟವೂ ಕಡಿಮೆ. ಆದರೆ ಅಂದು ಬಹುಪಾಲು ಕನ್ನಡಿಗರು ಬಳಸುತ್ತಿದ್ದ ನುಡಿ ಮತ್ತು ಬರಹ ತಂತ್ರಾಂಶಗಳು ವಿಂಡೋಸ್‌ಗೆಂದೇ ರೂಪುಗೊಂಡಿದ್ದವು. ಯೂನಿಕೋಡ್ ಅಲ್ಲದ ಅವುಗಳ ಅಕ್ಷರವಿನ್ಯಾಸದಲ್ಲಿ ಬರೆದ ಕಡತವನ್ನು ಆ ಫಾಂಟ್ ಇಲ್ಲದ ಲಿನಕ್ಸ್‌ನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತಿದ್ದವು. ಹೀಗಾಗಿ ವಿಂಡೋಸನ್ನು ಕೈಬಿಡುವಂತಿರಲಿಲ್ಲ.

ಅಳವಡಿಕೆಯ ಕ್ರಮ

700 ಮೆಗಾಬೈಟ್‌ನ ಒಂದು ಸಿ.ಡಿ.ಯನ್ನು ಸೆಕೆಂಡಿಗೆ 5 ಕಿಲೋಬೈಟ್ ವೇಗದಲ್ಲಿ ಇಳಿಸಿಕೊಳ್ಳಲು ಸುಮಾರು 39 ಗಂಟೆ ಬೇಕು. ಆದ್ದರಿಂದ ಗಣಕ ಪತ್ರಿಕೆಗಳೊಡನೆ ಬರುತ್ತಿದ್ದ ಸಿ.ಡಿ.ಗಳೇ ಆಸರೆಯಾಗಿದ್ದವು. ಉಬುಂಟು ಸಹ 2011ರವರೆಗೆ ಅಂಚೆಯ ಮೂಲಕ ಉಚಿತ ಸಿ.ಡಿ. ಕಳುಹಿಸುತ್ತಿತ್ತು.

ಮೊದಲು ಕಡತಗಳ ಪ್ರತಿ ತೆಗೆದಿರಿಸಿ, ಹಾರ್ಡ್ ಡಿಸ್ಕ್‌ನಲ್ಲಿ ಲಿನಕ್ಸ್‌ಗೆ ಪ್ರತ್ಯೇಕ ಜಾಗ ಮಾಡಬೇಕಿತ್ತು. ವಿಂಡೋಸ್ ಮೊದಲು, ಲಿನಕ್ಸ್ ಅನಂತರ ಎಂಬುದು ನಿಯಮ. ಕ್ರಮ ತಪ್ಪಿದರೆ ಡಿಸ್ಕ್‌ನ ಆರಂಭದಲ್ಲಿರುವ ಬೂಟ್ ದಾಖಲೆಯನ್ನು ವಿಂಡೋಸ್ ತಿದ್ದಿಬರೆದು, ಲಿನಕ್ಸ್ ಆಯ್ಕೆಯೇ ಕಾಣದಾಗುತ್ತಿತ್ತು.

ಮೋಡೆಮ್ ಎಂಬ ತೊಡಕು

ಸೀರಿಯಲ್ ಪೋರ್ಟ್‌ಗೆ ಜೋಡಿಸುವ ಹೊರಮೋಡೆಮ್ ಇದ್ದವರಿಗೆ ಕೆಲಸ ಸುಲಭ. ಕೆಪಿಪಿಪಿ ತಂತ್ರಾಂಶದಲ್ಲಿ ದೂರವಾಣಿ ಸಂಖ್ಯೆ, ಬಳಕೆದಾರರ ಹೆಸರು, ಗುಪ್ತಪದ ತುಂಬಿದರೆ ಸಾಕಿತ್ತು. ಆದರೆ ಅನೇಕ ಗಣಕಗಳ ಒಳಗಿದ್ದದ್ದು ಅಗ್ಗದ 'ವಿನ್‌ಮೋಡೆಮ್'. ಮೋಡೆಮ್ಮಿನ ಬಹುಪಾಲು ಕೆಲಸವನ್ನು ಇದರಲ್ಲಿ ವಿಂಡೋಸ್ ತಂತ್ರಾಂಶವೇ ಮಾಡುತ್ತಿದ್ದುದರಿಂದ ಲಿನಕ್ಸ್‌ಗೆ ಬೇರೆ ಡ್ರೈವರ್ ಬೇಕಾಗುತ್ತಿತ್ತು. ಡ್ರೈವರ್ ಇರುವುದು ಅಂತರ್ಜಾಲದಲ್ಲಿ. ಅಂತರ್ಜಾಲಕ್ಕೆ ಡ್ರೈವರ್ ಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬಂತಹ ಸ್ಥಿತಿ.

ಪಾರುಮಾಡುತ್ತಿದ್ದುದು ಮೊದಲ ವ್ಯವಸ್ಥೆಯೇ. ಲಿನಕ್ಸ್ ಕರ್ನೆಲ್‌ನ ಆವೃತ್ತಿ ಸಂಖ್ಯೆಯನ್ನು ಬರೆದಿಟ್ಟುಕೊಂಡು, ವಿಂಡೋಸ್‌ಗೆ ಮರಳಿ, ಅದಕ್ಕೆ ಹೊಂದುವ ಡ್ರೈವರನ್ನು ಎರಡೂ ವ್ಯವಸ್ಥೆಗಳು ಓದಬಲ್ಲ ಫ್ಯಾಟ್ ವಿಭಾಗದಲ್ಲಿ ಉಳಿಸಬೇಕಿತ್ತು. ಬಳಿಕ ಲಿನಕ್ಸ್ ತೆರೆದು ಅದನ್ನು ಅಳವಡಿಸಬೇಕಿತ್ತು. ಆತುರಪಟ್ಟು ವಿಂಡೋಸ್ ಅಳಿಸಿದವರಿಗೆ ಈ ದಾರಿಯೂ ಮುಚ್ಚುತ್ತಿತ್ತು.

ಇಂದಿಗೂ ಅದೇ ಎಚ್ಚರ

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ಕೊನೆಗೊಂಡ ಮೇಲೆ ಹಳೆಯ ಗಣಕಗಳಿಗೆ ಲಿನಕ್ಸ್ ಮತ್ತೆ ಒಂದು ಆಯ್ಕೆಯಾಗಿದೆ. ಮೋಡೆಮ್ಮಿನ ಜಾಗದಲ್ಲಿ ಈಗ ವೈ-ಫೈ ಚಿಪ್ ತೊಡಕಾಗಬಹುದು. ಯುಎಸ್‌ಬಿ ಪೆನ್‌ಡ್ರೈವ್‌ನಿಂದ ಲಿನಕ್ಸನ್ನು ಅಳವಡಿಸದೆಯೇ ಚಲಾಯಿಸಿ, ಸಂಪರ್ಕ ಸಿಗುವುದೇ ಎಂದು ಮೊದಲು ಪರೀಕ್ಷಿಸುವುದು ಒಳಿತು. ಸಿಗದಿದ್ದರೆ ಮೊಬೈಲ್ ಫೋನನ್ನು ಕೇಬಲ್ ಮೂಲಕ ಜೋಡಿಸಿ ಅದರ ಅಂತರ್ಜಾಲವನ್ನು ಬಳಸಿ ಡ್ರೈವರ್ ಪಡೆಯಬಹುದು. ಹೊಸ ವ್ಯವಸ್ಥೆ ಅಂತರ್ಜಾಲ ತಲುಪುವವರೆಗೆ ಹಳೆಯದನ್ನು ಅಳಿಸದಿರುವುದೇ ಕ್ಷೇಮ.