ಭೋಗ್ಯದ ಮನೆ: ಬಾಡಿಗೆ ಉಳೀತು ಅಂತ ಖುಷಿಪಡೋ ಮುಂಚೆ

ಮೇ ತಿಂಗಳು ಬಂತು ಅಂದ್ರೆ ಚಿತ್ರದುರ್ಗದಲ್ಲಿ ಮನೆ ಹುಡುಕೋರ ಓಡಾಟ ಶುರು. ಮಕ್ಕಳ ಶಾಲೆ, ಕಾಲೇಜು, ನೌಕರರ ವರ್ಗಾವಣೆ ಎಲ್ಲ ಒಟ್ಟಿಗೇ ಬರುತ್ತೆ. ಜೆಸಿಆರ್ ಬಡಾವಣೆ, ವಿದ್ಯಾನಗರ, ತುರುವನೂರು ರಸ್ತೆ ಕಡೆ ಒಂದು ಸುತ್ತು ಹಾಕಿದ್ರೆ ಗೇಟಿಗೆ ಕಟ್ಟಿದ ಬೋರ್ಡು ಎರಡು ಥರ. ಒಂದು ‘ಮನೆ ಬಾಡಿಗೆಗೆ ಇದೆ’, ಇನ್ನೊಂದು ‘ಮನೆ ಭೋಗ್ಯಕ್ಕೆ ಇದೆ’. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಲ್ಲೂ ಇದೇ ಮಾತು. ಇವತ್ತು ಈ ಎರಡನೇ ಬೋರ್ಡಿನ ಲೆಕ್ಕ ಬಿಡಿಸಿ ನೋಡೋಣ.

ಮೊದಲು, ಬೇಡಿಕೆ ಎಲ್ಲಿಂದ ಬರುತ್ತೆ? ಚಿತ್ರದುರ್ಗ ಜಿಲ್ಲಾ ಕೇಂದ್ರ. ಕಚೇರಿಗಳು, ಕಾಲೇಜುಗಳು ಇಲ್ಲೇ. 2023ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೂ ಶುರುವಾಯ್ತು. ಹಿರಿಯೂರು ಬೆಂಗಳೂರು–ಪುಣೆ ಹೆದ್ದಾರಿ ಮೇಲಿನ ಊರು. ಹೊಳಲ್ಕೆರೆ, ಹೊಸದುರ್ಗದಲ್ಲಿ ಕೆಲಸ ಮಾಡೋ ಎಷ್ಟೋ ಶಿಕ್ಷಕರು, ಬ್ಯಾಂಕಿನವರು ಮಕ್ಕಳ ಓದಿಗಾಗಿ ದುರ್ಗದಲ್ಲೇ ಮನೆ ಮಾಡಿ, ದಿನಾ ಬಸ್ಸಲ್ಲಿ ಹೋಗಿ ಬರ್ತಾರೆ. ಇನ್ನು ಅಪಾರ್ಟ್‌ಮೆಂಟ್ ಅಂದ್ರೆ ನಮ್ಮೂರುಗಳಲ್ಲಿ ಹೆಚ್ಚಾಗಿ ಕೆಳಗೆ ಮಾಲೀಕರು, ಮೇಲೆ ಎರಡು ಪೋರ್ಷನ್. ಅಷ್ಟೇ.

ಬಾಡಿಗೆ ಭಾರ ಆಗೋಕೆ ಒಂದು ಕಾರಣ ಸಂಬಳದ ಚೀಟಿಯಲ್ಲೇ ಇದೆ. ರಾಜ್ಯ ಸರ್ಕಾರಿ ನೌಕರರಿಗೆ 2024ರ ಆಗಸ್ಟ್‌ನಿಂದ ಜಾರಿಗೆ ಬಂದ ಪರಿಷ್ಕರಣೆಯಲ್ಲಿ ದೊಡ್ಡ ನಗರದಲ್ಲಿ ಮನೆ ಬಾಡಿಗೆ ಭತ್ಯೆ ಮೂಲ ವೇತನದ ಶೇ 20. ನಮ್ಮಂಥ ಊರುಗಳಲ್ಲಿ ಶೇ 7.5. ಮೂಲ ವೇತನ 40 ಸಾವಿರ ಇದ್ರೆ ಭತ್ಯೆ 3 ಸಾವಿರ. ಆ ದುಡ್ಡಿಗೆ ಎರಡು ಕೋಣೆ ಮನೆ ಹುಡುಕಿ ನೋಡಿ! ಆಗಲೇ ಭೋಗ್ಯದ ಬೋರ್ಡು ಕಣ್ಣಿಗೆ ಬೀಳೋದು. ಒಂದೇ ಸಲ ದೊಡ್ಡ ಮೊತ್ತ ಕೊಡಿ, ಎರಡು–ಮೂರು ವರ್ಷ ಬಾಡಿಗೆ ಇಲ್ಲದೆ ಇರಿ, ಹೋಗುವಾಗ ಪೂರ್ತಿ ದುಡ್ಡು ವಾಪಸ್.

ಒಂದು ಉದಾಹರಣೆ ಹಾಕೋಣ. ಬಾಡಿಗೆ ತಿಂಗಳಿಗೆ 8 ಸಾವಿರ ಆಗೋ ಮನೆ, ಭೋಗ್ಯಕ್ಕೆ 6 ಲಕ್ಷ ಅಂತಿಟ್ಕೊಳ್ಳಿ. ಆ 6 ಲಕ್ಷವನ್ನ ಬ್ಯಾಂಕಲ್ಲಿ ಶೇ 7ರ ಠೇವಣಿ ಇಟ್ಟಿದ್ರೆ ತಿಂಗಳಿಗೆ 3,500 ರೂಪಾಯಿ ಬಡ್ಡಿ ಬರ್ತಿತ್ತು. ಭೋಗ್ಯದ ನಿಜವಾದ ಬಾಡಿಗೆ ಅದೇ. ತಿಂಗಳಿಗೆ 4,500 ಉಳೀತು. ಮೂರು ವರ್ಷಕ್ಕೆ 1 ಲಕ್ಷ 62 ಸಾವಿರ. ಚೆನ್ನಾಗಿದೆ ಅಲ್ವಾ?

ಈಗ ಮಾಲೀಕರ ಕಡೆಯಿಂದ ನೋಡಿ. ಅವರಿಗೆ ಬ್ಯಾಂಕಲ್ಲಿ ಶೇ 9ಕ್ಕೆ 6 ಲಕ್ಷ ಸಾಲ ಸಿಕ್ಕಿದ್ರೆ ಬಡ್ಡಿ ತಿಂಗಳಿಗೆ 4,500. ಮನೇನ ಬಾಡಿಗೆಗೆ ಕೊಟ್ಟು, ಬಡ್ಡಿ ಕಟ್ಟಿದ್ರೂ ಕೈಯಲ್ಲಿ 3,500 ಉಳಿಯುತ್ತೆ. ಹಾಗಿದ್ದೂ ಭೋಗ್ಯಕ್ಕೆ ಯಾಕೆ ಕೊಡ್ತಾರೆ? ಕೈಸಾಲ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಗೆ ತಂದ್ರೆ 6 ಲಕ್ಷಕ್ಕೆ 12 ಸಾವಿರ ಕಟ್ಟಬೇಕು. ಅದಕ್ಕಿಂತ 8 ಸಾವಿರ ಬಾಡಿಗೆ ಬಿಡೋದೇ ವಾಸಿ. ಅಂದ್ರೆ ಭೋಗ್ಯಕ್ಕೆ ಕೊಡೋರು ಎಷ್ಟೋ ಸಲ ಬ್ಯಾಂಕ್ ಸಾಲ ಸಿಗದವರು, ಇಲ್ಲಾ ಈಗಾಗಲೇ ತಗೊಂಡವರು. ಮಗಳ ಮದುವೆ, ತೋಟಕ್ಕೆ ಬೋರ್‌ವೆಲ್, ಮೇಲಿನ ಮಹಡಿ, ಯಾವುದೋ ಅಗತ್ಯ ಇರುತ್ತೆ. ಅವರು ಮೋಸಗಾರರು ಅಂತಲ್ಲ. ಆದ್ರೆ ನೀವು ಕೊಟ್ಟ ದುಡ್ಡು ಅವರ ಹತ್ರ ಇರಲ್ಲ, ಖರ್ಚಾಗಿರುತ್ತೆ. ಮುಂದೆ ಬರೋ ಭೋಗ್ಯದಾರರು ಕೊಟ್ಟ ಮೇಲೇ ನಿಮಗೆ ವಾಪಸ್.

ನಾನೂ ದುರ್ಗದಲ್ಲಿ ಭೋಗ್ಯದ ಮನೆಯಲ್ಲೇ ಬೆಳೆದವನು. ಬಾಂಡ್ ಪೇಪರನ್ನ ಅಮ್ಮ ಟ್ರಂಕಿನ ತಳದಲ್ಲಿ, ರೇಷ್ಮೆ ಸೀರೆ ಕೆಳಗೆ ಇಟ್ಟಿದ್ರು. ಅದೇ ನಮ್ಮ ಭದ್ರತೆ ಅಂತ ನಂಬಿದ್ವಿ. ಆ ಕಾಗದ ನೋಂದಣಿ ಆಗಿರಲಿಲ್ಲ ಅನ್ನೋದು ನನಗೆ ಗೊತ್ತಾಗಿದ್ದು ದೊಡ್ಡವನಾದ ಮೇಲೆ.

ಕಾನೂನು ಏನು ಹೇಳುತ್ತೆ? 1882ರ ಸ್ವತ್ತು ವರ್ಗಾವಣೆ ಕಾಯ್ದೆ ಪ್ರಕಾರ, ದುಡ್ಡು ತಗೊಂಡು ಅದು ತೀರೋವರೆಗೂ ಮನೆಯನ್ನ ಅನುಭವಿಸೋಕೆ ಬಿಟ್ಟುಕೊಡೋದು ಒಂದು ಥರದ ಅಡಮಾನ. ಇಂಥ ಅಡಮಾನ 100 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನದಾದ್ರೆ ಪತ್ರ ನೋಂದಣಿ ಆಗಬೇಕು, ಕನಿಷ್ಠ ಇಬ್ಬರು ಸಾಕ್ಷಿ ಸಹಿ ಹಾಕಬೇಕು. ಶುಲ್ಕ ಉಳಿಸೋಕೆ ಬರೀ ಛಾಪಾ ಕಾಗದದಲ್ಲಿ ಬರೆಸಿದ್ರೆ, ದುಡ್ಡು ವಾಪಸ್ ಕೇಳಿ ದಾವೆ ಹಾಕಬಹುದು. ಆದ್ರೆ ಮನೆ ಮೇಲೆ ಅಡಮಾನದ ಹಕ್ಕು ಹುಟ್ಟಲ್ಲ. ಮಾಲೀಕರು ಆ ಮನೆಯನ್ನ ಮೊದಲೇ ಬ್ಯಾಂಕಿಗೆ ಅಡ ಇಟ್ಟು ಕಂತು ನಿಲ್ಲಿಸಿದ್ರೋ, 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕಿನವರು ಬಾಗಿಲಿಗೆ ನೋಟಿಸ್ ಅಂಟಿಸ್ತಾರೆ. ಮೊದಲು ಅಡ ಹಿಡಿದವರಿಗೆ ಮೊದಲ ಹಕ್ಕು. ನೀವು ಆಮೇಲೆ ನೋಂದಣಿ ಮಾಡಿಸಿದ್ರೂ ಬ್ಯಾಂಕಿನ ಹಿಂದೆಯೇ ನಿಲ್ಲಬೇಕು.

ಅದಕ್ಕೇ ದುಡ್ಡು ಕೊಡೋ ಮುಂಚೆ ನಾಲ್ಕು ಕೆಲಸ ಮಾಡಿ.

ಒಂದು, ಇಸಿ ತೆಗೆಸಿ. ಕಾವೇರಿ ತಂತ್ರಾಂಶದಲ್ಲಿ ಆನ್‌ಲೈನೇ ಅರ್ಜಿ ಹಾಕಬಹುದು. ನೋಂದಣಿ ಆದ ಸಾಲ, ಅಡಮಾನ ಅದರಲ್ಲಿ ಕಾಣುತ್ತೆ.

ಎರಡು, ಕ್ರಯಪತ್ರದ ಅಸಲು ಪ್ರತಿ ತೋರಿಸಿ ಅಂತ ಕೇಳಿ. ಜೆರಾಕ್ಸ್ ಮಾತ್ರ ಇದ್ರೆ ಅಸಲು ಬ್ಯಾಂಕಿನಲ್ಲಿ ಇರಬಹುದು. ಬರೀ ಪತ್ರ ಇಟ್ಟು ಪಡೆದ ಸಾಲ ಇಸಿಯಲ್ಲಿ ಕಾಣದೇ ಹೋಗಬಹುದು.

ಮೂರು, ಖಾತೆ ಯಾರ ಹೆಸರಲ್ಲಿದೆ ನೋಡಿ. ಅಣ್ಣತಮ್ಮಂದಿರ ಜಂಟಿ ಆಸ್ತಿ ಆದ್ರೆ ಎಲ್ಲರ ಸಹಿ ಬೇಕು.

ನಾಲ್ಕು, ನಗದು ಕೊಡಬೇಡಿ. 20 ಸಾವಿರ ಅಥವಾ ಅದಕ್ಕಿಂತ ಹೆಚ್ಚಿನ ಸಾಲ, ಠೇವಣಿಯನ್ನ ನಗದಲ್ಲಿ ಪಡೆಯೋದು ಆದಾಯ ತೆರಿಗೆ ಕಾನೂನಿಗೆ ವಿರುದ್ಧ. ಬ್ಯಾಂಕ್ ಮೂಲಕ ಕೊಟ್ರೆ ನಿಮಗೆ ದಾಖಲೆಯೂ ಉಳಿಯುತ್ತೆ.

ಹಾಗಾದ್ರೆ ಬಾಡಿಗೆಯೇ ಸೇಫಾ? ಅಲ್ಲೂ ರಕ್ಷಣೆ ಕಡಿಮೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500, ಉಳಿದ ಕಡೆ 2,000 ರೂಪಾಯಿ ಮೀರಿದ ಬಾಡಿಗೆಗೆ ಅನ್ವಯಿಸಲ್ಲ. ಈಗಿನ ಬಹುತೇಕ ಮನೆಗಳು ಅದರಿಂದ ಹೊರಗೇ. ಹಾಗಾಗಿ 11 ತಿಂಗಳ ಕರಾರಿನಲ್ಲಿ ಬರೆದಿದ್ದೇ ನಿಮಗೆ ಆಸರೆ. ಅಡ್ವಾನ್ಸ್ ಎಷ್ಟು, ಯಾವಾಗ ವಾಪಸ್, ಬಣ್ಣಕ್ಕೆ ಎಷ್ಟು ಹಿಡೀತಾರೆ, ಬೇಸಿಗೆಯಲ್ಲಿ ನೀರಿನ ಟ್ಯಾಂಕರ್ ಖರ್ಚು ಯಾರದ್ದು, ಎಲ್ಲ ಬರೆಸಿ. ಆದ್ರೆ ಒಂದು ವ್ಯತ್ಯಾಸ ನೆನಪಿಡಿ. ಬಾಡಿಗೆಯಲ್ಲಿ ಎಡವಿದ್ರೆ ಹೋಗೋದು ಕೆಲವು ತಿಂಗಳ ಅಡ್ವಾನ್ಸ್. ಭೋಗ್ಯದಲ್ಲಿ ಎಡವಿದ್ರೆ ಒಂದು ಮನೆಯ ಪೂರ್ತಿ ಉಳಿತಾಯ.

ತಿಂಗಳಿಗೆ 4,500 ಉಳಿಸೋಕೆ 6 ಲಕ್ಷ ಒತ್ತೆ ಇಡ್ತಿದ್ದೀರಿ. ಕಾಗದ ಗಟ್ಟಿ ಇದ್ರೆ ಇಡಿ, ತಪ್ಪಿಲ್ಲ. ಇಲ್ಲದಿದ್ರೆ ಮುಂದಿನ ಗೇಟಿನ ಬೋರ್ಡು ನೋಡಿ.