ಟೊಮೆಟೊ ಕಾಯಿಯ ಕಹಿಯನ್ನು ತೂಗುವ ಬಗೆ

ಲೋಕಾಪುರದ ಸುತ್ತಿನ ಊರುಗಳಲ್ಲಿ ರೊಟ್ಟಿಗೆ ಕಾಯಿ ಟೊಮೆಟೊ ಚಟ್ನಿ ಹೊಸದೇನಲ್ಲ. ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಜೊತೆ ಎಣ್ಣೆಯಲ್ಲಿ ಬಾಡಿಸಿ, ಹುರಿದ ಶೇಂಗಾ ಹಾಕಿ ಕುಟ್ಟಿದರೆ ಆಯಿತು. ಅದೇ ಕಾಯಿಯನ್ನು ಹಸಿಯಾಗಿ ಕಚ್ಚಿದರೆ ಹುಳಿಯ ಬೆನ್ನಿಗೇ ಸಣ್ಣ ಕಹಿ. ಅದಕ್ಕೆ ಟೊಮೆಟೈನ್ ಎಂಬ ಸ್ಟೀರಾಯ್ಡ್ ಕಾರಣ. ಸ್ಟೀರಾಯ್ಡ್ ಎಂದೊಡನೆ ಜಿಮ್ ಹುಡುಗರ ಇಂಜೆಕ್ಷನ್ ನೆನಪಾಗಬೇಕಿಲ್ಲ. ಇಂಗಾಲದ ನಾಲ್ಕು ಉಂಗುರಗಳು ಅಂಟಿಕೊಂಡ ಚೌಕಟ್ಟು ಈ ಕುಲದ ಗುರುತು. ನಮ್ಮ ರಕ್ತದ ಕೊಲೆಸ್ಟ್ರಾಲೂ ಇದೇ ಕುಲದ್ದು. ಟೊಮೆಟೊ ಗಿಡ ಟೊಮೆಟೈನ್ ಕಟ್ಟುವುದು ತಾನೇ ತಯಾರಿಸಿದ ಕೊಲೆಸ್ಟ್ರಾಲ್‌ನಿಂದ. ‘ಕೊಲೆಸ್ಟ್ರಾಲ್ ಇಲ್ಲ’ ಎನ್ನುವ ಎಣ್ಣೆ ಜಾಹೀರಾತುಗಳನ್ನು ನಂಬಿದವರಿಗೆ ಇದು ವಿಚಿತ್ರವೆನಿಸಬಹುದು.

ಟೊಮೆಟೈನನ್ನು ಹುಡುಕಿದ್ದು ಸಸ್ಯರೋಗದ ಬೆನ್ನು ಹತ್ತಿದವರು. ಗಿಡವನ್ನು ಸೊರಗಿಸುವ ಫ್ಯುಸೇರಿಯಂ ಶಿಲೀಂಧ್ರವನ್ನು ಟೊಮೆಟೊ ಗಿಡದ ರಸವೇ ತಡೆಯುತ್ತದೆಂದು 1940ರ ದಶಕದಲ್ಲಿ ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ಕಂಡರು. 1948ರಲ್ಲಿ ಅವರಲ್ಲೇ ಫಾಂಟೇನ್ ಮತ್ತು ಸಂಗಡಿಗರು ಆ ರಸದಿಂದ ಟೊಮೆಟೈನ್ ಹರಳು ತೆಗೆದರು. ಶುದ್ಧವೆಂದು ಮಾರಾಟವಾಗುತ್ತಿದ್ದ ಟೊಮೆಟೈನ್‌ನಲ್ಲಿ ಎರಡು ಹೈಡ್ರೋಜನ್ ಕಡಿಮೆಯಿರುವ ಅದರ ಸೋದರನೂ ಬೆರೆತಿದ್ದದ್ದು ಬಯಲಾಗಲು ದಶಕಗಳೇ ಹಿಡಿದವು.

ಬೇರ್ಪಡಿಸುವ ಕೆಲಸದ ಮೊದಲರ್ಧ ಸುಲಭ. ಟೊಮೆಟೈನ್‌ನಲ್ಲಿ ಒಂದು ಸಾರಜನಕದ ಪರಮಾಣುವಿದೆ. ಅದರಿಂದಾಗಿ ಅದು ಆಮ್ಲದಲ್ಲಿ ಕರಗುತ್ತದೆ, ಕ್ಷಾರ ಬಿದ್ದರೆ ತಳಕ್ಕಿಳಿಯುತ್ತದೆ. ಕಾಯಿಯನ್ನು ಅರೆದು, ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲವನ್ನೇ ತೆಳುವಾಗಿಸಿ ಅದರಲ್ಲಿ ಕಲಸಿ ಸೋಸುತ್ತಾರೆ. ಸೋಸಿದ್ದಕ್ಕೆ ಅಮೋನಿಯಾ ಹಾಕಿ ಬಿಸಿಮಾಡಿದರೆ ಗಸಿ ಕೂರುತ್ತದೆ. ಆ ಗಸಿಯನ್ನು ಮತ್ತೆ ಕರಗಿಸಿ, ನುಣ್ಣನೆಯ ಪುಡಿ ತುಂಬಿದ ಕೊಳವೆಯ ಮೂಲಕ ಹರಿಸಿದಾಗ ಒಂದೊಂದು ಘಟಕವೂ ತನ್ನದೇ ವೇಗದಲ್ಲಿ ಹೊರಬರುತ್ತದೆ.

ಬಂದದ್ದು ಯಾರು? ನನಗೆ ಅತಿ ಇಷ್ಟವಾದ ಭಾಗ ಇದು, ಏಕೆಂದರೆ ಇಲ್ಲಿ ಬೇಕಾದದ್ದು ಕಳೆಯುವ ಲೆಕ್ಕ ಮಾತ್ರ. ದ್ರವ್ಯರಾಶಿ ರೋಹಿತಮಾಪಕವು ಅಣುಗಳನ್ನು ಒಡೆದು ಚೂರುಗಳನ್ನು ತೂಗುತ್ತದೆ. ಟೊಮೆಟೈನ್ ಅಯಾನಿನ ತೂಕ ಸುಮಾರು 1034. ಅದರಿಂದ 132 ಹೋದರೆ 902: ಕಳಚಿದ್ದು ಕ್ಸೈಲೋಸ್ ಎಂಬ ಸಕ್ಕರೆ. ಮುಂದೆ ಮೂರು ಸಲ 162 ಕಳೆಯುತ್ತದೆ. ಅವು ಎರಡು ಗ್ಲುಕೋಸ್, ಒಂದು ಗ್ಯಾಲಕ್ಟೋಸ್. ಉಳಿಯುವುದು 416, ಅಂದರೆ ಸಕ್ಕರೆಯೆಲ್ಲ ಉದುರಿದ ಬರೀ ಸ್ಟೀರಾಯ್ಡ್ ಚೌಕಟ್ಟು, ಟೊಮೆಟಿಡಿನ್. ಗ್ಲುಕೋಸ್, ಗ್ಯಾಲಕ್ಟೋಸ್ ಎರಡರ ತೂಕವೂ ಒಂದೇ ಆದ್ದರಿಂದ ಯಾವುದು ಎಲ್ಲಿದೆಯೆಂದು ತಕ್ಕಡಿ ಹೇಳದು; ಅದಕ್ಕೆ ಎನ್‌ಎಂಆರ್ ಎಂಬ, ಪರಮಾಣುಗಳ ಜೋಡಣೆ ತೋರಿಸುವ ತಂತ್ರ ಬೇಕು.

ಎಳೆಗಾಯಿಯಲ್ಲಿ ಕಿಲೋಗೆ 500 ಮಿಲಿಗ್ರಾಂವರೆಗೂ ಇರಬಲ್ಲ ಟೊಮೆಟೈನ್, ಕೆಂಪು ಹಣ್ಣಿನಲ್ಲಿ 5ರ ಆಸುಪಾಸಿಗೆ ಇಳಿಯುತ್ತದೆ. ಹಾಗಾದರೆ ಎಲ್ಲಿ ಹೋಯಿತು? ಜಪಾನಿನ ಕುಮಾಮೊಟೊ ವಿಶ್ವವಿದ್ಯಾಲಯದ ನೊಹಾರಾ ತಂಡ 2000ದ ದಶಕದ ಆರಂಭದಲ್ಲಿ ಹಣ್ಣಿನಿಂದ ಎಸ್ಕುಲಿಯೊಸೈಡ್ ಎ ಎಂಬುದನ್ನು ಬೇರ್ಪಡಿಸಿತು. ತೂಕ ಸುಮಾರು 1270. ಹಣ್ಣಾಗುವಾಗ ಗಿಡ ಟೊಮೆಟೈನ್‌ಗೇ ಆಮ್ಲಜನಕ, ಇನ್ನೊಂದು ಸಕ್ಕರೆ ಅಂಟಿಸಿ ಕಹಿ ಮುರಿಯುತ್ತದೆ.

ಚಟ್ನಿಯ ಮಾತಿಗೆ ಬಂದರೆ, ಬಾಡಿಸಿದ ಮಾತ್ರಕ್ಕೆ ಟೊಮೆಟೈನ್ ನಾಶವಾಗುವುದಿಲ್ಲ. ಆದರೆ ತಿಂದದ್ದೆಲ್ಲ ಮೈಗೆ ಹತ್ತುವುದಿಲ್ಲ: ಅದು ಕರುಳಿನಲ್ಲಿ ಕೊಲೆಸ್ಟ್ರಾಲನ್ನು ಹಿಡಿದುಕೊಂಡು, ಬಹುಪಾಲು ರಕ್ತಕ್ಕೆ ಸೇರದೆ ಹೊರಹೋಗುತ್ತದೆ. ಹ್ಯಾಮ್‌ಸ್ಟರ್‌ಗಳಿಗೆ ಹಸಿರು ಟೊಮೆಟೊ ತಿನ್ನಿಸಿದಾಗ ಅವುಗಳ ಕೆಟ್ಟ ಕೊಲೆಸ್ಟ್ರಾಲ್ ಇಳಿದಿತ್ತು; ಮನುಷ್ಯರಿಗೆ ಅದನ್ನೇ ಔಷಧಿಯೆಂದು ಹೇಳುವುದು ಆತುರ. ಪೆರುವಿನ ಮಾಯೊ ಕಣಿವೆಯಲ್ಲಂತೂ ಹಣ್ಣಾದರೂ ಕಹಿ ಬಿಡದ, ಟೊಮೆಟೈನ್ ತುಂಬಿದ ಪುಟ್ಟ ಟೊಮೆಟೊಗಳನ್ನು ಜನ ತಿನ್ನುತ್ತಾರೆಂದು ಟೊಮೆಟೊ ತಳಿವಿಜ್ಞಾನಿ ಚಾರ್ಲ್ಸ್ ರಿಕ್ ಮತ್ತು ಸಂಗಡಿಗರು 1994ರಲ್ಲೇ ಬರೆದಿದ್ದಾರೆ.