ಕಲ್ಯಾಣದ ಮುಂದಿನ ಸ್ಟೇಷನ್

ಮುಲುಂಡ್‌ನಲ್ಲಿ 11 ತಿಂಗಳ ಕರಾರು ಮುಗಿದಾಗಲೆಲ್ಲ ಗಂಟುಮೂಟೆ ಕಟ್ಟಿ ಸಾಕಾಗಿತ್ತು. ಅಲ್ಲಿ ಒಂದು ಕೋಣೆಯ ಮನೆ ಕೊಳ್ಳಲೂ ನನಗೆ ಸಿಗುವ ಬ್ಯಾಂಕ್ ಸಾಲ ಸಾಲದು. ಕಲ್ಯಾಣ ದಾಟಿ ಶಹಾಡ್‌ಗೆ ಬಂದೆ, ಎರಡು ಕೋಣೆಯ ಸ್ವಂತ ಮನೆ ದಕ್ಕಿತು. ಊರಿಂದ ಬಂದ ಅಮ್ಮ ಬಾಗಿಲ ಮೇಲಿನ ಹೆಸರನ್ನು ಸೆರಗಿನಿಂದ ಒರೆಸಿದಳು.

ದಲ್ಲಾಳಿ ಹೇಳದೆ ಬಿಟ್ಟ ಮಾತೊಂದಿತ್ತು. ಸಿಎಸ್‌ಎಂಟಿಯಿಂದ ಸುಮಾರು 54 ಕಿ.ಮೀ. ಓಡಿ ಬರುವ ಕಲ್ಯಾಣ ಲೋಕಲ್ ಅಲ್ಲಿಗೇ ಮುಗಿಯುತ್ತದೆ. ಮುಂದಿನ ಶಹಾಡ್‌ಗೆ ಟಿಟ್ವಾಲಾ, ಆಸನಗಾಂವ್ ಇಲ್ಲವೇ ಕಸಾರಾ ಗಾಡಿಯೇ ಬೇಕು. ತಪ್ಪಿತೋ, ರಿಕ್ಷಾ ಸಾಲಿನಲ್ಲಿ ನಿಲ್ಲಬೇಕು. ಮಗಳು ಏಳುವ ಮುನ್ನ ಹೊರಟು, ಮಲಗಿದ ಮೇಲೆ ಮನೆ ಸೇರುತ್ತೇನೆ.

ಈ ಕಡೆ ಫ್ಲ್ಯಾಟ್ ನೋಡಲು ಬರುವ ನಮ್ಮವರು ಭಾನುವಾರ ಬರುತ್ತಾರೆ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಬನ್ನಿ, ಪ್ಲಾಟ್‌ಫಾರ್ಮಿನಲ್ಲೇ ಸಿಗುತ್ತೇನೆ.